ಬ್ರೇಕ್ ಸರಿಯಿಲ್ಲ

ಕಾರಿನ ಕೀಲಿಯನ್ನು ಸಕ್ಕರೆ ಡಬ್ಬಿಯೊಳಗೆ ಬೆರಳು ಮುಳುಗುವಷ್ಟು ಒತ್ತಿ, ಮೇಲೆ ಸಕ್ಕರೆ ಎಳೆದು, ಆಕೆ ಮುಚ್ಚಳ ಹಾಕುವಷ್ಟರಲ್ಲಿ ಮೈದುನ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

"ಅತ್ತಿಗೆ, ಕಾರಿನ ಕೀ ಎಲ್ಲಿ?"

"ಯಾಕಪ್ಪ?"

"ಯಾಕೆ ಅಂದ್ರೆ? ಅಣ್ಣನ ಹಿಂದೆ ಅಣ್ಣನ ಕಾರು ಹೋಗ್ಬೇಡ್ವಾ? ಜೀವಾನೇ ಇಟ್ಕೊಂಡಿದ್ದ ಅದರ ಮೇಲೆ. ಶವದ ವ್ಯಾನಲ್ಲಿ ನಾಲ್ಕು ಜನಕ್ಕಿಂತ ಜಾಸ್ತಿ ಕೂರೋಕೂ ಆಗಲ್ಲ."

"ಕಾರು ಬೇಡ. ಬ್ರೇಕ್ ಸರಿಯಿಲ್ಲ."

ಮೈದುನ ಆಕೆಯ ಮುಖವನ್ನೇ ನೋಡಿದ. ಆಮೇಲೆ ಸಾವಿನ ಮನೆ ಎನ್ನುವುದನ್ನೂ ಮರೆತು ನಕ್ಕುಬಿಟ್ಟ. ನಡುಮನೆಯ ಕಡೆ ತಿರುಗಿ, "ಕೇಳಿದ್ರಾ? ಇವತ್ತೂ ಬ್ರೇಕ್ ಸರಿಯಿಲ್ವಂತೆ!" ಎಂದ.

ನಡುಮನೆಯಲ್ಲಿ ಹೆಣದ ಸುತ್ತ ಕೂತವರು ಮುಖ ಮುಖ ನೋಡಿಕೊಂಡರು. ಒಬ್ಬರು ನಗುವನ್ನು ಕೆಮ್ಮಾಗಿ ಮಾಡಿಕೊಂಡರು. ಎದುರುಮನೆಯ ದರ್ಜಿ ಮಾತ್ರ ಬಾಯಿ ಕಟ್ಟಿಕೊಳ್ಳಲಾರದೆ, "ಯಜಮಾನ್ರೇ ಹೋದ್ರು, ಆ ಬ್ರೇಕ್ ಮಾತ್ರ ಇನ್ನೂ ರಿಪೇರಿ ಆಗ್ಲಿಲ್ಲ ನೋಡಿ," ಎಂದ.

"ಈ ಸಲ ನಿಜ ಕಣಪ್ಪ," ಎಂದಳು ಆಕೆ. "ಇಳಿಜಾರಲ್ಲಿ ಹಿಡಿಯಲ್ಲ ಅದು."

"ಹೋದ ಸಲಾನೂ ನಿಜಾನೇ ಅಂದಿದ್ರಿ ಅತ್ತಿಗೆ. ಗೀರು ಬೀಳುತ್ತೆ ಅಂತ ತಾನೇ ಭಯ? ಯಾರ ಬೆರಳೂ ತಾಗದ ಹಾಗೆ ನಾನು ನೋಡ್ಕೋತೀನಿ. ಕೀ ಹುಡುಕಿಡಿ."

ಅವನು ಹೋದ. ಆಕೆ ಡಬ್ಬಿಯ ಮೇಲೆ ಎರಡೂ ಕೈಯಿಟ್ಟುಕೊಂಡು ನಿಂತಳು. 

ಗಂಡ ಹಿಂದಿನ ದಿನ ಮಧ್ಯಾಹ್ನ ಊಟ ಮಾಡಿ ಕುರ್ಚಿಯಲ್ಲಿ ಕೂತವನು ಏಳಲಿಲ್ಲ. ಕಾಯಿಲೆ ಕಸಾಲೆ ಏನೂ ಇರಲಿಲ್ಲ. ಆಗಿನಿಂದ ಆಕೆ ಅತ್ತಿರಲಿಲ್ಲ. ಬಂದ ಹೆಂಗಸರು, ಪಾಪ, ಕಲ್ಲಾಗಿಬಿಟ್ಟಿದ್ದಾಳೆ ಎಂದುಕೊಂಡರು. ಆಕೆ ಕಲ್ಲಾಗಿರಲಿಲ್ಲ, ಹೆದರಿದ್ದಳು. ನೀರಿನ ಟ್ಯಾಂಕಿನ ಹತ್ತಿರ ಶುರುವಾಗುವ ಇಳಿಜಾರು ನೇರವಾಗಿ ಲಾರಿ ಓಡಾಡುವ ದೊಡ್ಡ ರಸ್ತೆಗೆ ಇಳಿಯುತ್ತಿತ್ತು. ಆ ರಸ್ತೆಯ ಆಚೆ ಸ್ಮಶಾನದ ಗೇಟು. ಉಸಿರು ನಿಂತಿದೆ ಎಂದು ಡಾಕ್ಟರು ಹೇಳಿದಾಗ ಆಕೆಗೆ ಮೊದಲು ನೆನಪಾದದ್ದು ಗಂಡನ ಮುಖವಲ್ಲ, ಆ ಇಳಿಜಾರು. ಕಾರು ತೆಗೆಯೋಣ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ ಎಂದು ಆಕೆಗೆ ಗೊತ್ತಿತ್ತು.

\*

ಆತ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುತ್ತಿದ್ದ. ಬೆಳಗಿನಿಂದ ಸಂಜೆಯವರೆಗೆ ಗಾಜನ್ನು ದೀಪಕ್ಕೆ ಓರೆಯಾಗಿ ಹಿಡಿದು ಗೀರು ಹುಡುಕುವುದೇ ಕೆಲಸ. ಹುಡುಕುವವನಿಗೆ ಗೀರು ಸಿಗದೆ ಇರುವುದಿಲ್ಲ. ಆ ಕಣ್ಣನ್ನೇ ಮನೆಗೂ ತರುತ್ತಿದ್ದ. ಬೀದಿಯವರು ಅವನನ್ನು ಪಾಲಿಶ್ ಎಂದು ಕರೆಯುತ್ತಿದ್ದುದು ಗಾಜಿನಿಂದಲ್ಲ, ಕಾರಿನಿಂದ.

ಕಾರು ಯಾರೋ ಓಡಿಸಿ ಬಿಟ್ಟದ್ದು, ದಾಳಿಂಬೆ ಬಣ್ಣದ್ದು. ತಂದ ದಿನ ಮಂಕಾಗಿತ್ತು. ಆತ ವಾರ ವಾರ ತಿಕ್ಕಿ ತಿಕ್ಕಿ ಅದರೊಳಗೆ ಬೀದಿಯ ವಿದ್ಯುತ್ ಕಂಬ ತಂತಿ ಸಮೇತ ಕಾಣುವಂತೆ ಮಾಡಿದ. ಭಾನುವಾರ ಬಿಸಿಲು ಏರುವ ಮೊದಲೇ, ನೆರಳಿದ್ದಾಗಲೇ ತೊಳೆಯಬೇಕು. ಬಿಸಿ ತಗಡಿನ ಮೇಲೆ ಸೋಪು ಒಣಗಿದರೆ ಕಲೆ. ಎರಡು ಬಕೆಟ್ಟು: ಒಂದರಲ್ಲಿ ಸೋಪಿನ ನೀರು, ಒಂದರಲ್ಲಿ ಬರಿ ನೀರು. ಕೊಳೆಯಾದ ಬಟ್ಟೆ ಮೊದಲು ಬರಿ ನೀರಿಗೆ, ಆಮೇಲೆ ಸೋಪಿಗೆ. ಮೊದಲು ಕಾರಿನ ಟಾಪು, ಕೊನೆಗೆ ಚಕ್ರ. ಬಟ್ಟೆ ಕೈತಪ್ಪಿ ನೆಲಕ್ಕೆ ಬಿದ್ದರೆ ಅದರ ಕತೆ ಮುಗಿಯಿತು, ಅದು ಇನ್ನು ನೆಲ ಒರೆಸುವುದಕ್ಕೆ. ಗುಂಡಗೆ ಉಜ್ಜುವಂತಿಲ್ಲ, ನೇರವಾಗಿ ಎಳೆಯಬೇಕು. ಮೇಣ ಹಚ್ಚುವಾಗ ಕನ್ನಡಿಯ ಮೇಲೆ ಉಸಿರು ಬಿಟ್ಟಷ್ಟೇ ತೆಳು. ಅದು ಮಬ್ಬಾಗುವ ತನಕ ಕಾದು ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ಅಷ್ಟು ಹೊತ್ತೂ ಆತ ಸೊಂಟದ ಬೆಲ್ಟು, ಕೈಗಡಿಯಾರ ಬಿಚ್ಚಿಡುತ್ತಿದ್ದ. ಬಕೆಟ್ಟು ಎತ್ತಿಕೊಡುವ ಹೆಂಡತಿ ಉಂಗುರ ಬಿಚ್ಚಿಡುತ್ತಿದ್ದಳು.

ಮದುವೆಯ ಹೊಸತರಲ್ಲಿ ಒಮ್ಮೆ, ಗಂಡ ಕೆಲಸದಿಂದ ಬರುವಷ್ಟರಲ್ಲಿ ಅವನಿಗೆ ಖುಷಿಯಾಗಲಿ ಎಂದು, ಕಾರಿನ ಮೇಲೆ ಕೂತಿದ್ದ ಧೂಳನ್ನು ಒಣ ಬಟ್ಟೆಯಿಂದ ಒರೆಸಿದ್ದಳು. ಆತ ಬೈಯಲಿಲ್ಲ. ಮಣಿಕಟ್ಟು ಹಿಡಿದು ಬಿಸಿಲಿಗೆ ಕರೆದುಕೊಂಡು ಹೋಗಿ, ಬಾಗಿಲಿನ ಮುಂದೆ ಬಗ್ಗಿಸಿ, "ನೋಡು," ಎಂದ. ತಗಡಿನಲ್ಲಿ ಕಾಣುತ್ತಿದ್ದ ಸೂರ್ಯನ ಸುತ್ತ ಕೂದಲೆಳೆಯಂಥ ಗೀರುಗಳು, ಜೇಡರ ಬಲೆಯಂತೆ.

"ಇದು ನಿನ್ನ ಕೈಕೆಲಸ. ಧೂಳು ಅಂದ್ರೆ ಏನು? ಪುಡಿ ಕಲ್ಲು. ಕಲ್ಲು ಹಾಕಿ ತಿಕ್ಕಿದೀಯ. ಇನ್ನು ಇದು ಇರೋ ತನಕ ಇದನ್ನ ನಾನು ನೋಡ್ತಾ ಇರ್ಬೇಕು."

ಹೊಡೆದಿದ್ದರೆ ವಾಸಿಯಿತ್ತು. ಆಮೇಲೆ ಅವನು ಇಡೀ ತಿಂಗಳು ಮಾತಾಡಲಿಲ್ಲ. ಅಂದಿನಿಂದ ಆಕೆ ಆ ಕಾರಿನ ಪಕ್ಕ ನಡೆಯುವಾಗ ಬಟ್ಟೆಯನ್ನು ಮೈಗೆ ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದಳು. ಬೆಕ್ಕು ಗೋಡೆಯಿಂದ ಹಾರಿದರೆ ಎದೆ ಧಸಕ್ ಎನ್ನುತ್ತಿತ್ತು. ಯಾರಾದರೂ ಬಾನೆಟ್ಟಿಗೆ ಒರಗಿದರೆ ಗಂಡನಿಗಿಂತ ಮೊದಲು ಆಕೆಯೇ ಕೂಗುತ್ತಿದ್ದಳು: "ಬೇಡ, ಬೇಡ!"

ಕಾರು ಕೇಳಿ ಬಂದವರಿಗೆ ಇಲ್ಲ ಎನ್ನುವುದೂ ಆಕೆಯ ಪಾಲಿಗೇ ಬಂತು. ಆತ ಒಳಗೆ ಸೇರಿಕೊಳ್ಳುತ್ತಿದ್ದ, ಆಕೆ ಬಾಗಿಲಿಗೆ ಬಂದು ಹೇಳುತ್ತಿದ್ದಳು: ಬ್ರೇಕ್ ಸರಿಯಿಲ್ಲ. ಮದುವೆಗೆ ಕೇಳಿದವರಿಗೂ ಅದೇ, ಬಸ್ಸು ತಪ್ಪಿದವರಿಗೂ ಅದೇ. ಬೀದಿಗೆ ಅದೊಂದು ಗಾದೆಯೇ ಆಗಿಹೋಯಿತು. ಕೈಗಡ ಕೊಡದವನಿಗೆ, ಚೆಂಡು ಕೊಡದ ಮಕ್ಕಳಿಗೆ, "ಏನು, ಬ್ರೇಕ್ ಸರಿಯಿಲ್ವಾ?" ಎನ್ನುತ್ತಿದ್ದರು.

ಮಗಳು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಗೋಡೆಯಿಂದ ಬಿದ್ದು ಕೈ ಮುರಿದುಕೊಂಡಳು. ದರ್ಜಿ ಅವಳನ್ನು ಎತ್ತಿಕೊಂಡು ಓಡಿಬಂದ. ಭಾನುವಾರ. ಕಾರಿನ ಮೈತುಂಬ ಮೇಣ, ಇನ್ನೂ ಒರೆಸಿರಲಿಲ್ಲ. "ಕಾರು ತೆಗೀರಿ!" ಎಂದು ದರ್ಜಿ ಕೂಗಿದ. ಗಂಡ ಹೆಂಡತಿಯ ಮುಖ ನೋಡಿದ. ಬರಿ ನೋಡಿದ, ಅಷ್ಟೇ. ಆಕೆಯ ಬಾಯಿಂದ ಮಾತು ತಾನಾಗಿ ಬಂತು.

ಮಗಳು ದರ್ಜಿಯ ಸೈಕಲ್ಲಿನ ಕ್ಯಾರಿಯರಿನ ಮೇಲೆ, ಹಿಂತಿರುಗಿ ಅಮ್ಮನನ್ನು ನೋಡುತ್ತ, ಆಸ್ಪತ್ರೆಗೆ ಹೋದಳು. ಅಮ್ಮ ಹೇಳಿದ್ದು ಅವಳಿಗೂ ಕೇಳಿಸಿತ್ತು.

\*

"ಅಮ್ಮ, ಇದೇನು?"

ಆಕೆ ಹೆಣದ ಕಾಲಬಳಿ ಕೂತಿದ್ದಳು. ಬಂದವರಿಗೆ ಚಹಾ ಮಾಡಲು ಹೋಗಿದ್ದ ಮಗಳು ಬಾಗಿಲಲ್ಲಿ ನಿಂತು ಚಮಚ ಎತ್ತಿ ಹಿಡಿದಿದ್ದಳು. ಚಮಚದ ತುದಿಯಲ್ಲಿ ಕೀಲಿ ತೂಗುತ್ತಿತ್ತು. ಸಕ್ಕರೆ ಉದುರುತ್ತಿತ್ತು.

"ನಿನ್ನ ಬುದ್ಧಿಗೆ ಏನು ಹೇಳ್ಲಿ ನಾನು," ಎಂದಳು ಮಗಳು. ಅವಳು ಕೊರಿಯರ್ ಕಂಪನಿಯಲ್ಲಿ ವ್ಯಾನು ಓಡಿಸುತ್ತಿದ್ದಳು. ಇಡೀ ಊರಿನ ಗಲ್ಲಿಗಲ್ಲಿಯಲ್ಲಿ ಗಾಡಿ ತಿರುಗಿಸಿ ಬರುವವಳಿಗೆ ಅಪ್ಪ ಒಂದು ದಿನವೂ ಆ ಕಾರಿನ ಸ್ಟಿಯರಿಂಗ್ ಮುಟ್ಟಲು ಬಿಟ್ಟಿರಲಿಲ್ಲ. "ಸತ್ತ ಮೇಲೂ ಅವನ ಕಾವಲು ಕಾಯ್ತಿದೀಯಲ್ಲಮ್ಮ."

ಆಕೆ ಎದ್ದು ಬಂದು ಮಗಳನ್ನು ಅಡುಗೆಮನೆಯೊಳಕ್ಕೆ ತಳ್ಳಿ ಬಾಗಿಲು ಹಾಕಿದಳು.

"ಕೇಳು ಇಲ್ಲಿ. ಬ್ರೇಕ್ ನಿಜವಾಗ್ಲೂ ಹಾಳಾಗಿದೆ."

"ಯಾವಾಗಿಂದ?"

"ನಾಲ್ಕು ವರ್ಷ ಆಯ್ತು."

"ಮತ್ತೆ ಅಪ್ಪ ಹೇಗೆ ಓಡಿಸ್ತಿದ್ದ? ಪ್ರತಿ ವಾರ ಒಂದು ಸುತ್ತು ಹೋಗ್ತಿದ್ರಲ್ಲ ಇಬ್ರೂ, ಜೋಡಿ ಗಿಳಿ ಹಾಗೆ."

"ಇಳಿಜಾರಿಗೆ ಹೋಗ್ತಿರ್ಲಿಲ್ಲ."

"ರಿಪೇರಿ ಮಾಡಿಸೋಕೆ ಏನಾಗಿತ್ತು ರೋಗ?"

"ಬ್ರೇಕ್ ಆಯಿಲ್ ಬಿದ್ರೆ ಬಣ್ಣ ಎದ್ದು ಬರುತ್ತೆ ಅಂತ."

ಮಗಳು ಆಕೆಯನ್ನು ದಿಟ್ಟಿಸಿ ನೋಡಿದಳು. ತುಟಿ ಒಂದು ಬದಿಗೆ ಎಳೆದುಕೊಂಡಿತು.

"ಚೆನ್ನಾಗಿದೆ. ಮುಂಚೆ ಬರೀ ಬ್ರೇಕ್ ಸರಿಯಿಲ್ಲ ಅಂತಿದ್ದೆ. ಈಗ ಕತೇನೂ ಸೇರಿಸ್ಕೊಂಡಿದೀಯ."

\*

ಅದು ಕತೆಯಾಗಿರಲಿಲ್ಲ. ಗ್ಯಾರೇಜಿನ ಮೇಸ್ತ್ರಿ ಬ್ರೇಕ್ ಆಯಿಲ್ ತುಂಬುವಾಗ ಡಬ್ಬಿಯನ್ನು ಮುಂದಿನ ಚಕ್ರದ ಮೇಲಿನ ತಗಡಿಗೆ ಒರಗಿಸಿ ಇಟ್ಟಿದ್ದ. ಅಂಗೈಯಷ್ಟು ಜಾಗಕ್ಕೆ ಎಣ್ಣೆ ಹರಿದಿತ್ತು. ಮರುದಿನ ಬೆಳಗ್ಗೆ ಅಲ್ಲಿ ಬಣ್ಣ ಕಾದ ಹಾಲಿನ ಕೆನೆಯಂತೆ ಸುಕ್ಕುಗಟ್ಟಿತ್ತು. ಆತ ಹೆಬ್ಬೆರಳಿಂದ ಮೆಲ್ಲಗೆ ಒತ್ತಿದ. ಸುಟ್ಟ ಗಾಯದ ಚರ್ಮದಂತೆ ಜಾರಿ ಬಂತು.

ಆತ ಅತ್ತದ್ದನ್ನು ಆಕೆ ನೋಡಿದ್ದು ಆವತ್ತೇ. ಆಮೇಲೆ ಗ್ಯಾರೇಜಿಗೆ ಹೋಗಿ ಮೇಸ್ತ್ರಿಯ ಕೊರಳಪಟ್ಟಿ ಹಿಡಿದ. ಮೇಸ್ತ್ರಿ ಮತ್ತೆ ಈ ಬೀದಿಗೆ ಕಾಲಿಡಲಿಲ್ಲ. ಆತ ಸಣ್ಣ ಕುಂಚದಿಂದ ಬಣ್ಣ ಮುಟ್ಟಿಸಿ, ಒಣಗಿಸಿ, ನೀರಿನಲ್ಲಿ ನೆನೆಸಿದ ಉಪ್ಪುಕಾಗದದಿಂದ ಉಜ್ಜಿ, ಮತ್ತೆ ಬಣ್ಣ ಮುಟ್ಟಿಸಿ, ಒಂದು ಮಳೆಗಾಲವೆಲ್ಲ ಅದರ ಮುಂದೆ ಮಂಡಿಯೂರಿದ. ಬೇರೆಯವರಿಗೆ ಗುರುತೂ ಸಿಗುತ್ತಿರಲಿಲ್ಲ. ಅವನಿಗೆ ಕಾಣುತ್ತಿತ್ತು.

ಆಮೇಲೆ ಯಾವ ಮೇಸ್ತ್ರಿಗೂ ಬಾನೆಟ್ಟು ಎತ್ತಲು ಬಿಡಲಿಲ್ಲ. ಬ್ರೇಕು ಮೆತ್ತಗಾಗುತ್ತ ಬಂತು. "ಎರಡು ಸಲ ಒತ್ತಿದ್ರೆ ಹಿಡಿಯುತ್ತೆ," ಎನ್ನುತ್ತಿದ್ದ. ಒಂದು ಸಂಜೆ ಟ್ಯಾಂಕಿನ ಇಳಿಜಾರಿನಲ್ಲಿ ಅವನ ಕಾಲು ಒತ್ತಿದಷ್ಟೂ ಒಳಗೆ ಹೋಯಿತು. ಪಕ್ಕದ ಏರುಗಲ್ಲಿಗೆ ತಿರುಗಿಸಿದ್ದರಿಂದ ಕಾರು ತಾನಾಗಿ ನಿಂತಿತು. ಹ್ಯಾಂಡ್ ಬ್ರೇಕು ಎಂದೋ ಹೋಗಿತ್ತು. ತೊಳೆದ ನೀರು ಒಳಗಿಳಿದು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ ಎಂದು ಅದನ್ನು ಎಳೆಯುತ್ತಲೇ ಇರಲಿಲ್ಲ. ನಿಲ್ಲಿಸಿದಾಗ ಚಕ್ರಕ್ಕೆ ಮರದ ತುಂಡು ಇಡುತ್ತಿದ್ದ.

"ಯಾರ ಹತ್ರಾನೂ ಬಾಯಿ ಬಿಡ್ಬೇಡ," ಎಂದ. ಮುಖದಲ್ಲಿ ರಕ್ತವಿರಲಿಲ್ಲ. "ಹೇಳಿದ್ರೆ ಗ್ಯಾರೇಜಿಗೆ ಹಾಕು ಅಂತಾರೆ. ಸಮತಟ್ಟು ರಸ್ತೇಲಿ ಓಡಿಸಿದ್ರೆ ಆಯ್ತಲ್ಲ. ಯಾರು ಇಳಿಜಾರಿಗೆ ಹೋಗು ಅಂತಾರೆ ನಮ್ಮನ್ನ?"

ಆಕೆ ಹೂಂ ಎಂದಳು. ಆಮೇಲೆ ನಾಲ್ಕು ವರ್ಷ ಪ್ರತಿ ಭಾನುವಾರ ಸಂಜೆ ಅವನ ಪಕ್ಕ, ಎರಡೂ ಕಾಲನ್ನು ನೆಲಕ್ಕೆ ಒತ್ತಿಕೊಂಡು, ಸಮತಟ್ಟು ರಸ್ತೆಯಲ್ಲಿ ಸುತ್ತಿ ಬಂದಳು.

\*

ವ್ಯಾನು ಬಂತು. ಹೆಣವನ್ನು ಏರಿಸಿದರು. ಬೀದಿಯಲ್ಲಿ ಜನ ಸೇರಿದ್ದರು. ಕಾರು ಆ ಜನರೆಲ್ಲರನ್ನೂ ತನ್ನ ಮೈಯಲ್ಲಿ ತೋರಿಸುತ್ತ ನಿಂತಿತ್ತು.

"ಏನ್ ಹೊಳಪಪ್ಪ!" ಎಂದರು ಯಾರೋ. "ಶೋರೂಮಿಂದ ಈಗ ತಾನೇ ತಂದಂಗಿದೆ."

ಮಗಳು ಚಕ್ರದ ಮರದ ತುಂಡುಗಳನ್ನು ಕಾಲಿನಿಂದ ಒದ್ದು ಸರಿಸಿ ಒಳಗೆ ಕೂತಳು. ಆಕೆ ಓಡಿಹೋಗಿ ಕಿಟಕಿ ಹಿಡಿದಳು. ಕಿಟಕಿ ಹಿಡಿದದ್ದು ನೋಡಿ ಎರಡು ಮೂರು ಜನ ಮುಸಿಮುಸಿ ನಕ್ಕರು.

"ಇಳಿಯೇ. ನಿನ್ನ ಕಾಲಿಗೆ ಬೀಳ್ತೀನಿ, ಇಳಿ."

"ಸರಿ ಅಮ್ಮ, ಎಲ್ಲರ ಮುಂದೇನೇ ನೋಡ್ಬಿಡೋಣ." ಮಗಳು ಕಾರನ್ನು ಬೀದಿಯಲ್ಲಿ ಸ್ವಲ್ಪ ದೂರ ಜೋರಾಗಿ ಓಡಿಸಿ ಬ್ರೇಕ್ ಒತ್ತಿದಳು. ಕಾರು ಮುಗ್ಗರಿಸಿದಂತೆ ನಿಂತಿತು. ಅವಳು ಕಿಟಕಿಯಿಂದ ತಲೆ ಹೊರಹಾಕಿದಳು. "ನಿಂತ್ತಾ?"

"ಸ್ವಲ್ಪ ಮೆತ್ತಗಿದ್ರೂ ಹಿಡಿಯುತ್ತೆ," ಎಂದು ಮೈದುನ ತೀರ್ಪು ಕೊಟ್ಟು ಹಿಂದಿನ ಸೀಟಿಗೆ ಏರಿದ. ದರ್ಜಿಯೂ ಏರಿದ. "ಇಷ್ಟು ವರ್ಷದಲ್ಲಿ ಒಂದು ಸಲಾನೂ ಕೂತಿರ್ಲಿಲ್ಲ. ಇವತ್ತು ಯಜಮಾನ್ರು ಏನೂ ಅನ್ನಲ್ಲ," ಎಂದ.

ಆಕೆ ಸುತ್ತ ನೋಡಿದಳು. ಎಲ್ಲರ ಮುಖದಲ್ಲೂ ಒಂದೇ ಕನಿಕರ, ಹುಚ್ಚಿಗೆ ತೋರಿಸುವಂಥದ್ದು. ಹೇಳಬೇಕಾದದ್ದನ್ನು ಆಕೆ ಹೇಳಿಯಾಗಿತ್ತು. ಇನ್ನು ಉಳಿದಿದ್ದ ಮಾತನ್ನೆಲ್ಲ ಈ ಬೀದಿಯಲ್ಲಿ ಯಾವತ್ತೋ ಖರ್ಚು ಮಾಡಿಬಿಟ್ಟಿದ್ದಳು.

"ಬನ್ನಿ ಅಮ್ಮ," ಎಂದು ವ್ಯಾನಿನ ಡ್ರೈವರು ಕರೆದ. ಹೆಣದ ಪಕ್ಕದ ಸೀಟು ಆಕೆಗೆಂದು ಖಾಲಿ ಬಿಟ್ಟಿದ್ದರು.

ಆಕೆ ವ್ಯಾನನ್ನು ನೋಡಿದಳು, ಕಾರನ್ನು ನೋಡಿದಳು. ಕಾರಿನ ಎಡಬಾಗಿಲು ತೆಗೆದು ಮಗಳ ಪಕ್ಕ ಕೂತಳು.

"ಅಯ್ಯೋ, ಗಂಡನ ಜೊತೆ ಹೋಗಲ್ವಾ ಇವಳು?" ಎಂದು ಹಿಂದೆ ಒಬ್ಬ ಹೆಂಗಸು ಹೇಳುವುದು ಕೇಳಿಸಿತು.

"ಯಾಕಮ್ಮ ಇಲ್ಲಿ?" ಎಂದಳು ಮಗಳು.

"ಸುಮ್ನೆ ಓಡಿಸು. ಸೆಕೆಂಡ್ ಗೇರಲ್ಲೇ ಇರು. ವ್ಯಾನಿಗೆ ದೂರ ಇರು."

ವ್ಯಾನು ನಿಧಾನವಾಗಿ ಹೊರಟಿತು. ಅದರ ಹಿಂದೆ ಹತ್ತು ಹದಿನೈದು ಜನ ನಡೆಯುತ್ತಿದ್ದರು. ಅವರ ಹಿಂದೆ ಕಾರು. ಮಗಳು ಮತ್ತೆ ಮತ್ತೆ ಬ್ರೇಕ್ ಒತ್ತಬೇಕಾಗುತ್ತಿತ್ತು. ಒತ್ತಿದಾಗೆಲ್ಲ ಆಕೆಯ ಬಲಗಾಲೂ ನೆಲ ಒತ್ತುತ್ತಿತ್ತು.  ಹಿಂದೆ ದರ್ಜಿ ಸೀಟಿನ ಬಟ್ಟೆಯನ್ನು ಮುಟ್ಟಿ ನೋಡುತ್ತ, ಹೊಲಿಗೆ ಯಾರದು ಎಂದು ವಿಚಾರಿಸುತ್ತಿದ್ದ.

ಕಾರು ಟ್ಯಾಂಕು ದಾಟಿತು. ರಸ್ತೆ ಕೆಳಗೆ ಬಾಗಿತು. ಎಡಗಡೆ ಗೋದಾಮಿನ ಉದ್ದನೆಯ ಕಲ್ಲುಗೋಡೆ ರಸ್ತೆಯ ಜೊತೆಗೇ ಇಳಿಯುತ್ತಿತ್ತು. ಕೆಳಗೆ, ಬಹಳ ಕೆಳಗೆ, ಲಾರಿಗಳು ಅಡ್ಡ ಹಾಯುತ್ತಿದ್ದವು.

"ಅಮ್ಮ."

ಮಗಳು ಅದನ್ನು ತೀರ ಮೆಲ್ಲಗೆ ಹೇಳಿದಳು. ಸೈಕಲ್ಲಿನ ಕ್ಯಾರಿಯರಿನಿಂದ ಹಿಂತಿರುಗಿ ನೋಡಿದ್ದಳಲ್ಲ, ಅದೇ ಮುಖ.

"ಕಾಲು ಒಳಗೆ ಹೋಗ್ತಿದೆ."

"ಬಿಟ್ಟು ಒತ್ತು. ಎರಡು ಸಲ ಒತ್ತು."

"ಒತ್ತಿದೆ."

"ಇನ್ನೊಂದು ಸಲ."

"ಏನೂ ಇಲ್ಲಮ್ಮ ಅಲ್ಲಿ. ಏನೂ ಇಲ್ಲ."

ಮಗಳು ಫಸ್ಟ್ ಗೇರಿಗೆ ಎಳೆದಳು. ಎಂಜಿನ್ನು ಅರಚಿತು. ಕಾರು ಒಮ್ಮೆ ಬೆನ್ನು ಬಗ್ಗಿಸಿದಂತೆ ಮಾಡಿ ಮತ್ತೆ ಉರುಳಿತು. ಹ್ಯಾಂಡ್ ಬ್ರೇಕು ಎಳೆದರೆ ಕಡಿದ ಹಗ್ಗದಂತೆ ಸಲೀಸಾಗಿ ಮೇಲೆ ಬಂತು. ಅವಳು ಹಾರ್ನ್ ಒತ್ತಿದಳು. ಮುಂದೆ ನಡೆಯುತ್ತಿದ್ದವರು ತಿರುಗಿ, ಹೆಣದ ಹಿಂದೆ ಹಾರ್ನ್ ಹೊಡೆಯುವ ಸೊಕ್ಕಿಗೆ ಕಣ್ಣು ಕೆಕ್ಕರಿಸಿ ನೋಡಿ, ಮತ್ತೆ ನಡೆದರು. ಅವರ ಬೆನ್ನುಗಳು ದೊಡ್ಡದಾಗುತ್ತ ಬಂದವು. ವ್ಯಾನಿನ ಹಿಂದಿನ ಗಾಜಿನೊಳಗೆ ಬಿಳಿ ಬಟ್ಟೆ ಕಂಡಿತು.

"ನಿಲ್ಸು! ನಿಲ್ಸೇ!" ಎಂದು ಮೈದುನ ಕಿರುಚಿದ.

"ಹೇಗೆ ನಿಲ್ಸ್ಲಿ ಚಿಕ್ಕಪ್ಪ!"

ಮಗಳ ಕೈ ಸ್ಟಿಯರಿಂಗನ್ನು ತುಸು ಎಡಕ್ಕೆ ಎಳೆಯಿತು. ಕಲ್ಲುಗೋಡೆ ಹತ್ತಿರ ಬಂತು. "ಗೋಡೆ, ಗೋಡೆ! ಗೀರು ಬೀಳುತ್ತೆ!" ಎಂದು ಮೈದುನ ಕೂಗಿದ. ಇಷ್ಟು ವರ್ಷ ಆ ಮನೆಯಲ್ಲಿ ಕೇಳಿದ ಮಾತೇ ಅವನ ಬಾಯಲ್ಲಿ ಬಂತು. ಮಗಳು ಬೆಚ್ಚಿ, ಸ್ಟಿಯರಿಂಗನ್ನು ಮತ್ತೆ ನೇರ ಮಾಡಿಬಿಟ್ಟಳು.

ಆಕೆ ಮಗಳ ಕಡೆ ತಿರುಗಿದಳು.

"ಬೀಳ್ಲಿ! ಉಜ್ಜೇ ಗೋಡೆಗೆ!"

"ನಿನ್ನ ಕಡೆ ಇದೆ ಗೋಡೆ!"

"ನನ್ನ ಕಡೇನೇ ಉಜ್ಜು! ಬಿಡ್ಬೇಡ, ಅಂಟಿಸಿ ಹಿಡಿ!"

ಮಗಳು ತಿರುಗಿಸಿದಳು. ಕನ್ನಡಿ ಮುರಿದು ಹಿಂದಕ್ಕೆ ಹಾರಿತು. ಆಮೇಲೆ ಕೇಳಿದ ಸದ್ದನ್ನು ಆಕೆ ಹೊಸದಾಗಿ ಕೇಳುತ್ತಿರಲಿಲ್ಲ. ಎಷ್ಟೋ ವರ್ಷ ಕನಸಿನಲ್ಲಿ ಕೇಳಿ ಬೆವತು ಎದ್ದಿದ್ದಳು. ತಗಡು ಕಲ್ಲಿಗೆ ತಾಗಿ ಕಿರ್ರೋ ಎಂದು ಸೀಳುವ ಸದ್ದು. ಬಾಗಿಲು ಒಳಕ್ಕೆ ಉಬ್ಬಿ ಭುಜಕ್ಕೆ ಒತ್ತಿತು. ಕಿಟಕಿಯ ಹೊರಗೆ ದಾಳಿಂಬೆ ಬಣ್ಣದ ಪುಡಿ ಹೊಗೆಯಂತೆ ಎದ್ದಿತು. ಆಕೆ ಎರಡೂ ಕೈಯಿಂದ ಮಗಳ ತೊಡೆ ಹಿಡಿದುಕೊಂಡು, "ಇನ್ನೂ ಒತ್ತು, ಇನ್ನೂ ಒತ್ತು," ಎಂದು ಹೇಳುತ್ತಲೇ ಇದ್ದಳು. ಮುಂದಿನ ಬೆನ್ನುಗಳು ಈಗ ಚೆಲ್ಲಾಪಿಲ್ಲಿಯಾಗಿ ಓಡುತ್ತಿದ್ದವು.

ಕಾರು ನಿಂತಿತು.

ಎಂಜಿನ್ನು ಆಫಾಗಿತ್ತು. ಹಿಂದಿನ ಸೀಟಿನಲ್ಲಿ ದರ್ಜಿ, "ಇದ್ದೀನಿ, ಇದ್ದೀನಿ," ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಮಗಳ ಕೈಗಳು ಸ್ಟಿಯರಿಂಗನ್ನು ಬಿಡಲೊಲ್ಲವು. ಆಕೆ ಒಂದೊಂದೇ ಬೆರಳು ಬಿಡಿಸಿದಳು.

ಎಡಗಡೆಯ ಬಾಗಿಲು ಗೋಡೆಗೆ ಅಂಟಿಕೊಂಡಿತ್ತು. ಎಲ್ಲರೂ ಬಲಗಡೆಯಿಂದಲೇ ಇಳಿದರು. ಮೈದುನ ಕಾರಿನ ಹಿಂಭಾಗಕ್ಕೆ ಹೋಗಿ ಗೋಡೆಯನ್ನು ನೋಡಿದ. ಮೇಲಿನಿಂದ ಇಲ್ಲಿಯವರೆಗೆ ಕಲ್ಲಿನ ಮೇಲೆ ಸೊಂಟದೆತ್ತರಕ್ಕೆ ಕೆಂಪು ಪಟ್ಟೆ ಎಳೆದಂತಿತ್ತು. 

ಮಗಳು ಅಮ್ಮನ ಎದುರು ನಿಂತಳು. 

"ಗೊತ್ತಿದ್ದೂ ಯಾಕೆ ಕೂತೆ ನೀನು?"

"ನೀನು ಕೂತಿದ್ದೆ."

ಆಕೆ ಎರಡು ಹೆಜ್ಜೆ ಇಟ್ಟಳು.  ಕೂರಲು ಸುತ್ತಮುತ್ತ ಕಲ್ಲು, ಕಟ್ಟೆ ಏನೂ ಇರಲಿಲ್ಲ. ಆಕೆ ಬಾನೆಟ್ಟಿನ ಮೇಲೆ ಕೈಯೂರಿ, ತಿರುಗಿ, ಅದರ ಮೇಲೆ ಕೂತಳು.

"ಅಕ್ಕಾ, ಕಾರಿನ ಮೇಲೆ..." ಎಂದು ಶುರುಮಾಡಿದ ದರ್ಜಿ, ಅಲ್ಲಿಗೇ ನಿಲ್ಲಿಸಿದ.

ಕೆಳಗೆ ದೊಡ್ಡ ರಸ್ತೆಯ ಅಂಚಿನಲ್ಲಿ ವ್ಯಾನು ನಿಂತಿತ್ತು. ಡ್ರೈವರು ಇಳಿದು ಬಂದು, ಯಾರಿಗೂ ಪೆಟ್ಟಾಗಿಲ್ಲ ಎಂದು ನೋಡಿಕೊಂಡು, ತಲೆ ಕೆರೆದುಕೊಂಡ. "ಅಮ್ಮ, ಹೊರಡೋಣ್ವಾ? ಅಲ್ಲಿ ಗುಂಡಿ ತೋಡಿ ಕಾಯ್ತಿದ್ದಾರೆ."

"ಕಾಯ್ಲಿ," ಎಂದಳು ಆಕೆ. "ಅವರೂ ಸ್ವಲ್ಪ ಕಾಯ್ಲಿ."

ಸ್ವಲ್ಪ ಹೊತ್ತಿಗೆ ಮಗಳೂ ಬಂದು ಪಕ್ಕದಲ್ಲಿ ಏರಿ ಕೂತಳು. ತೆಳು ತಗಡು ಇಬ್ಬರ ಭಾರಕ್ಕೆ ಡಬ್ ಎಂದು ಒಳಗೆ ತಗ್ಗಿತು. ಇಬ್ಬರೂ ಆ ತಗ್ಗಿನೊಳಕ್ಕೆ ಜಾರಿ, ಭುಜಕ್ಕೆ ಭುಜ ತಾಗಿ, ಕಾಲು ಇಳಿಬಿಟ್ಟುಕೊಂಡು ಕೂತರು.